ಇಟ್ಟವರೇ ಎತ್ತಬೇಕು

ಮೂರು ವರ್ಷದ ಹಿಂದಿನ ಡಿಸೆಂಬರ್‌ನ ಒಂದು ಬುಧವಾರ ಮಧ್ಯಾಹ್ನ, ಬಸರೀಕಟ್ಟೆಯಿಂದ ಒಳಗಿನ ಊರೊಂದಕ್ಕೆ ಹೋಗುತ್ತಿದ್ದ ಜೀಪಿನಿಂದ ಹೊಲಿಗೆ ಕೆಲಸದ ಜಯಂತಿ ಹೊರಗೆ ಹಾರಿದಳು. ಜೀಪು ಓಡುತ್ತಿತ್ತು. ಆಕೆಯ ಬಲಗೈ ಮಣಿಕಟ್ಟು ಮುರಿಯಿತು, ಮಂಡಿಯ ಚರ್ಮ ಕಿತ್ತುಬಂತು. ಜೀಪು ಓಡಿಸುತ್ತಿದ್ದವನು ಸತೀಶ, ಅದೇ ಊರಿನ ಕಾಫಿ ತೋಟದ ಯಜಮಾನ ಚಂದ್ರಣ್ಣನ ತಮ್ಮ.

ಹೆಸರುಗಳನ್ನು ಬದಲಿಸಿದ್ದೇನೆ. ಕಾನೂನು ಹಾಗೆ ಹೇಳುತ್ತದೆ. ಜಯಂತಿಗೆ ಇದು ಒಪ್ಪಿಗೆಯಿರಲಿಲ್ಲ. "ನಂದು ಬದಲಿಸಿ. ಅವನದ್ದು ಯಾಕೆ ಬದಲಿಸ್ತೀರಿ?" ಎಂದು ಕೇಳಿದಳು.

ಕಳೆದ ಮಂಗಳವಾರ ಆ ಪ್ರಕರಣದಲ್ಲಿ ಸಾಕ್ಷಿ ಹೇಳಲು ಕೊಪ್ಪಕ್ಕೆ ಹೋಗಿದ್ದೆ. ಆ ಘಟನೆ ನಡೆದಾಗ ಕೊಪ್ಪದಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ, ಈಗ ಶಿವಮೊಗ್ಗದಲ್ಲಿದ್ದೇನೆ. ಬಸ್ಸು ನರಸಿಂಹರಾಜಪುರದಲ್ಲಿ ಸ್ವಲ್ಪ ಹೊತ್ತು ನಿಂತು ಹೊರಟಿತು. ಹಿಂದಿನ ವಾರ ಮಳೆ ಬಿದ್ದಿತ್ತಂತೆ. ಕೊಪ್ಪ ಹತ್ತಿರವಾಗುತ್ತಿದ್ದಂತೆ ಕಿಟಕಿಯಿಂದ ಕಾಫಿ ಹೂವಿನ ವಾಸನೆ ಬಂತು. ಪಕ್ಕದ ಸೀಟಿನವರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ನನಗೆ ಮಾತ್ರ ಆ ವಾಸನೆ ಬಂದಾಗೆಲ್ಲ ಊರದೇವತೆ ಚೌಡಿಯ ಕಟ್ಟೆಯೂ ಅದರ ಎದುರು ತಲೆ ತಗ್ಗಿಸಿ ನಿಂತ ಒಬ್ಬ ಗಂಡಸೂ ಕಣ್ಣ ಮುಂದೆ ಬರುತ್ತಾರೆ. ಬಂದಾಗೆಲ್ಲ ಮನಸ್ಸಿಗೆ ಹಿತವಾಗುತ್ತದೆ. ಅದನ್ನು ಮುಚ್ಚಿಡುವ ಕಾರಣ ನನಗೆ ಕಾಣುವುದಿಲ್ಲ.

ಆ ಬುಧವಾರ ನಡೆದದ್ದು ಇಷ್ಟು. ಜಯಂತಿ ದಾರ ಮತ್ತು ಲೈನಿಂಗ್ ಬಟ್ಟೆ ತರಲು ಕೊಪ್ಪಕ್ಕೆ ಹೋಗಿದ್ದಳು. ವಾಪಸು ಬಸ್ಸು ಬಸರೀಕಟ್ಟೆಯವರೆಗೆ ತಂದು ಬಿಟ್ಟಿತು. ಅಲ್ಲಿಂದ ಊರಿಗೆ ಬಸ್ಸಿಲ್ಲ, ತೋಟದ ಜೀಪುಗಳೇ ಗತಿ. ಕಾಫಿ ಕೊಯ್ಲಿನ ಕಾಲ. ಜೀಪುಗಳೆಲ್ಲ ಆಳುಗಳನ್ನು ಬಿಡಲು ಹೋಗಿದ್ದವು. ಸತೀಶನ ಜೀಪು ಒಂದೇ ನಿಂತಿತ್ತು. ಹಿಂದುಗಡೆ ಗೋಣಿಚೀಲದ ಕಟ್ಟು, ಡೀಸೆಲ್ ಕ್ಯಾನು ತುಂಬಿದ್ದವು. "ಮುಂದೆ ಕೂತ್ಕೊ" ಎಂದ. ಕೂತಳು. ಊರು ಇನ್ನೂ ದೂರವಿರುವಾಗಲೇ ಅವನು ಡಾಂಬರು ರಸ್ತೆ ಬಿಟ್ಟು ಜೀಪನ್ನು ತೋಟದ ಮಣ್ಣುದಾರಿಗೆ ತಿರುಗಿಸಿದ. ಅವಳು ಬೇಡ ಎಂದಳು. ಅವನು ಕೈ ಹಾಕಿದ. ತಿರುವಿನಲ್ಲಿ ಜೀಪು ನಿಧಾನವಾದಾಗ ಅವಳು ಹಾರಿದಳು.

ಹಣ್ಣು ಕೊಯ್ಯುತ್ತಿದ್ದ ಹೆಂಗಸರು ಅವಳನ್ನು ನೋಡಿದರು. ಅವರಲ್ಲಿ ಜಯಂತಿಯ ದೊಡ್ಡಮ್ಮ ಗಿರಿಜಮ್ಮ ಇದ್ದರು. ಅಪ್ಪ ಅಮ್ಮ ಇಲ್ಲದ ಜಯಂತಿಯನ್ನು ಸಾಕಿದವರು ಅವರೇ. ಸೊಂಟದ ಬುಟ್ಟಿಯನ್ನು ಬಿಚ್ಚಿ ಅಲ್ಲೇ ಒಗೆದು, ಅವಳನ್ನು ಆಟೋದಲ್ಲಿ ಕೊಪ್ಪಕ್ಕೆ ಕರೆದುಕೊಂಡು ಬಂದರು. ಮಿಕ್ಕವರು ಚಂದ್ರಣ್ಣನ ತೋಟದ ಆಳುಗಳು. ಕೊಯ್ಲು ಮುಂದುವರಿಸಿದರು.

ಆಮೇಲಿನ ದಿನಗಳಲ್ಲಿ ಯಾರು ಏನು ಹೇಳಿದರು ಎಂಬುದನ್ನು ಇಲ್ಲಿ ಬರೆಯುತ್ತೇನೆ. ಹೇಳಿದವರು ಮರೆತಿದ್ದಾರೆ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟುತ್ತಿದ್ದವರು, "ಬಾಗಿಲು ಸರಿಯಾಗಿ ಹಾಕ್ಕೊಬೇಕಿತ್ತು" ಎಂದರು. ಆ ಜೀಪಿಗೆ ಬಾಗಿಲೇ ಇರಲಿಲ್ಲ. ಠಾಣೆಯಲ್ಲಿ ದೂರು ಬರೆದುಕೊಂಡವರು ಎರಡು ಸಲ ಕೇಳಿದ್ದು ಒಂದೇ ಪ್ರಶ್ನೆ: "ಮುಂದಿನ ಸೀಟಲ್ಲಿ ಯಾಕೆ ಕೂತೆ?" ಗಿರಿಜಮ್ಮ, "ಹಿಂದೆ ಡೀಸೆಲ್ ಕ್ಯಾನಿನ ಮೇಲೆ ಕೂರ್ಬೇಕಿತ್ತಾ ಸಾರ್?" ಎಂದದ್ದಕ್ಕೆ, "ನಿಮ್ಮನ್ನ ಕೇಳಿಲ್ಲ" ಎಂಬ ಉತ್ತರ ಬಂತು. ನಾನು ಕಳಿಸಿದ ವರದಿಗೆ ಕಚೇರಿಯಲ್ಲಿ ಕೊಟ್ಟ ತಲೆಬರಹದಲ್ಲಿ ಮಹಿಳೆಯೊಬ್ಬರು ಜೀಪಿನಿಂದ ಬಿದ್ದು ಗಾಯಗೊಂಡಿದ್ದರು. ಸತೀಶ ಮೂರನೆಯ ಪ್ಯಾರಾದಲ್ಲಿ ಚಾಲಕನಾಗಿ ಬಂದು ಹೋಗಿದ್ದ.

ಬಸರೀಕಟ್ಟೆಯ ಚಹಾ ಅಂಗಡಿಯಲ್ಲಿ ಮಾತು ಸರಾಗವಾಗಿತ್ತು.

"ಅಲ್ಲ ಮಾರಾಯ, ಮುಂದೆ ಕೂತ್ಕೊ ಅಂದ ಕೂಡ್ಲೇ ಹೋಗಿ ಕೂರೋದಾ?"

"ಬೇರೆ ಜೀಪು ಬರೋ ತನಕ ಕಾಯ್ಬಹುದಿತ್ತಪ್ಪ."

"ಏನೋ ಇರ್ತದೆ ಬಿಡು. ಇಲ್ದಿದ್ರೆ ಅವನು ಯಾಕೆ ಕೈ ಹಾಕ್ತಾನೆ?"

ಊರಿನಲ್ಲಿ ಎಲ್ಲರೂ ಗೌರವಿಸುವ ನಿವೃತ್ತ ಮೇಷ್ಟ್ರೊಬ್ಬರು ಅಲ್ಲಿ ಕೂತು ಪೇಪರ್ ಓದುತ್ತಿದ್ದರು. ಕನ್ನಡಕ ತೆಗೆದು, "ಗಂಡಸರು ಹಾಗೇನೆ. ಎಚ್ಚರ ಹೆಣ್ಣುಮಕ್ಕಳಿಗೆ ಇರಬೇಕು" ಎಂದು ನಿರ್ಣಯ ಕೊಟ್ಟರು. ಇನ್ನೊಂದು ಚಹಾ ಹೇಳಿದರು. ಪಕ್ಕದಲ್ಲಿ ಕೂತಿದ್ದ ನನಗೂ ಕೊಡಿಸಿದರು.

ಜನವರಿ ಮೊದಲ ವಾರ ಶಾಲೆಯಲ್ಲಿ ಜಾಗೃತಿ ಕಾರ್ಯಕ್ರಮ ನಡೆಯಿತು. ಹೆಣ್ಣುಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿ, ವಾಹನದಲ್ಲಿ ಎಲ್ಲಿ ಕೂರಬೇಕು, ಯಾವ ಬಟ್ಟೆ ಹಾಕಬೇಕು, ಅಪರಿಚಿತರ ಜೊತೆ ಹೇಗೆ ಮಾತಾಡಬೇಕು ಎಂದು ಹೇಳಿದರು. ಅಲ್ಲಿದ್ದ ಯಾರಿಗೂ ಸತೀಶ ಅಪರಿಚಿತನಾಗಿರಲಿಲ್ಲ. ಅಷ್ಟು ಹೊತ್ತು ಹುಡುಗರನ್ನು ವಾಲಿಬಾಲ್ ಆಡಲು ಬಿಟ್ಟಿದ್ದರು. ಆ ಕಾರ್ಯಕ್ರಮದ ವರದಿಯನ್ನೂ ನಾನು ಕಳಿಸಿದೆ, ವಾಲಿಬಾಲ್ ಸಹಿತ. ವಾಲಿಬಾಲ್ ಅಚ್ಚಾಗಲಿಲ್ಲ.

ಆ ಚಳಿಗಾಲ ಊರಿನ ತಾಯಂದಿರು ಹೆಣ್ಣುಮಕ್ಕಳಿಗೆ ಜೀಪಿನ ಮುಂದಿನ ಸೀಟನ್ನು ನಿಷೇಧಿಸಿದರು. ಸತೀಶ ಜಾಮೀನು ಪಡೆದು ಬಂದು ಜೀಪು ಓಡಿಸುತ್ತಲೇ ಇದ್ದ. ಅವನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಸಮಸ್ಯೆ ಬಗೆಹರಿಯಿತು ಎಂದು ಊರು ತಿಳಿಯಿತು.

ಬಗೆಹರಿಯದೆ ಉಳಿದದ್ದು ಜಯಂತಿಯ ಅಂಗಡಿ. ನಾನು ಹೋದ ದಿನ ಬೆಳಿಗ್ಗೆಯ ಮಂಜು ಇನ್ನೂ ಕರಗಿರಲಿಲ್ಲ. ಬಲಗೈ ಪ್ಲಾಸ್ಟರಿನಲ್ಲಿತ್ತು. ಅವಳು ಎಡಗೈಯಲ್ಲಿ ಯಂತ್ರದ ಧೂಳು ಒರೆಸುತ್ತಿದ್ದಳು. ನಾನಿದ್ದಾಗಲೇ ಒಬ್ಬಾಕೆ ಬಂದು ಬಾಗಿಲ ಹೊರಗೇ ನಿಂತರು.

"ನನ್ನ ಹಸಿರು ಬ್ಲೌಸ್ ಪೀಸ್ ಕೊಡೇ ಮಾರಾಯ್ತಿ. ನಿನ್ನ ಕೈ ಹೀಗಾಯ್ತಲ್ಲ, ಬೇರೆ ಕಡೆ ಹೊಲಿಸ್ತೀನಿ."

"ಕೈ ಇನ್ನೊಂದು ತಿಂಗಳಲ್ಲಿ ಸರಿಯಾಗ್ತದೆ ಅಕ್ಕ."

"ಕೈದೇನೋ ಸರಿಯಾಗ್ತದೆ. ಮನೇಲಿ ಇವರು ಬೇಡ ಅಂತಾರೆ."

ಜಯಂತಿ ಬಟ್ಟೆಯನ್ನು ಮಡಿಚಿ ಕೊಟ್ಟಳು. ಕಪಾಟಿನಲ್ಲಿ ಆಮೇಲೆ ಹೆಚ್ಚೇನೂ ಉಳಿದಿರಲಿಲ್ಲ. "ಕೇಸು ಏನಾದ್ರೂ ಆಗ್ಲಿ ಸಾರ್" ಎಂದಳು ನನ್ನ ಕಡೆ ತಿರುಗಿ, "ನಂಗೆ ಆದದ್ದು ಅವನ ಬಾಯಿಂದ ಬರ್ಬೇಕು. ಇವರೆಲ್ಲರ ಎದುರಿಗೆ. ಅದು ಬರೋ ತನಕ ನಾನು ಈ ಊರಲ್ಲಿ ಜೀಪಿಂದ ಬಿದ್ದವಳು."

ಆ ಮಾತು ಸತೀಶನ ಬಾಯಿಂದ ಬರುವಂತೆ ಮಾಡಿದವನು ಚಂದ್ರಣ್ಣ. ಅವನಿಗೆ ಅದು ಗೊತ್ತಿರಲಿಲ್ಲ.

ಊರ ಹೊರಗೆ ಕಾಡಿನ ಅಂಚಿನಲ್ಲಿ ಚೌಡಿಯ ಕಟ್ಟೆ ಇದೆ. ಆ ಭಾಗದಲ್ಲಿ ಜಗಳ ತೀರದಿದ್ದಾಗ ಅನ್ಯಾಯವಾದವರು ಅಲ್ಲಿಗೆ ಹೋಗಿ, ಆದದ್ದನ್ನು ಗಟ್ಟಿಯಾಗಿ ಹೇಳಿ, ತೆಂಗಿನಕಾಯನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಕಟ್ಟೆಯ ಮೇಲೆ ಇಡುತ್ತಾರೆ. ಅದಕ್ಕೆ ದೂರು ಇಡುವುದು ಎನ್ನುತ್ತಾರೆ. ಇಟ್ಟ ಮೇಲೆ ತಪ್ಪು ಮಾಡಿದವನ ಮನೆಯನ್ನು ಚೌಡಿ ವಿಚಾರಿಸಿಕೊಳ್ಳುತ್ತಾಳೆ ಎಂಬುದು ನಂಬಿಕೆ. ಬಿಡಿಸಿಕೊಳ್ಳಬೇಕಾದರೆ ತಪ್ಪು ಮಾಡಿದವನು ಅದೇ ಜಾಗದಲ್ಲಿ ನಿಂತು ಒಪ್ಪಿಕೊಳ್ಳಬೇಕು. ಆಮೇಲೆ ಗಂಟು ಬಿಚ್ಚುವುದು ದೂರು ಇಟ್ಟವರಿಂದ ಮಾತ್ರ ಸಾಧ್ಯ. ಅಲ್ಲಿಯ ಪೂಜಾರಿ ಎಲ್ಲರಿಗೂ ಹೇಳುವ ಮಾತು: ಇಟ್ಟವರೇ ಎತ್ತಬೇಕು.

ಕಟ್ಟೆಯ ಸಮಿತಿಗೆ ಚಂದ್ರಣ್ಣನೇ ಅಧ್ಯಕ್ಷ. ಜನವರಿ ಕೊನೆಯಲ್ಲಿ ಸಮಿತಿಯ ಸಭೆಯಲ್ಲಿ ಅವನು ಎಲ್ಲರ ಎದುರು ಹೇಳಿದ: "ಸತ್ಯ ಇದ್ರೆ ಆ ಹುಡುಗಿ ಚೌಡಿ ಎದುರು ಬಂದು ಹೇಳ್ಲಿ ನೋಡಾಣ. ಠಾಣೆಗೆ ಯಾರು ಬೇಕಾದ್ರೂ ಹೋಗ್ತಾರೆ." ಅವಳು ಹೆದರಿ ಬರುವುದಿಲ್ಲ, ಬಾರದಿದ್ದರೆ ಸುಳ್ಳು ಎಂದಾಗುತ್ತದೆ ಎಂಬುದು ಅವನ ಲೆಕ್ಕ.

ಮುಂದಿನ ಮಂಗಳವಾರ ಜಯಂತಿ ಹೋದಳು. ಗಿರಿಜಮ್ಮ ಜೊತೆಗಿದ್ದರು, ಅರ್ಧ ಊರು ನೋಡಲು ಬಂದಿತ್ತು. ಸತೀಶ ಬರಲಿಲ್ಲ. ಜಯಂತಿ ಆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಕಾಯನ್ನು ಇಡುವಾಗ ಪೂಜಾರಿ ಬಗ್ಗಿ ನೋಡಿದರು. ಬಟ್ಟೆಗೆ ಗಂಟು ಇರಲಿಲ್ಲ. ಎಡಗೈಯಲ್ಲಿ ಸುತ್ತಲೂ ಒತ್ತಾಗಿ ಹೊಲಿದಿದ್ದಳು.

"ಇದೆಂತದು, ಗಂಟು ಕಟ್ಟೋದಲ್ವಾ ಕ್ರಮ?"

"ನಂಗೆ ಬರೋ ಕೆಲಸ ಹೊಲಿಗೆ, ಪೂಜಾರ್ರೆ. ಗಂಟು ಯಾರು ಬೇಕಾದ್ರೂ ಬಿಚ್ತಾರೆ" ಎಂದಳು.

ಫೆಬ್ರುವರಿ ಹಾಗೇ ಕಳೆಯಿತು. ಕಣದಲ್ಲಿ ಕಾಫಿ ಒಣಗಿತು. ಪ್ಲಾಸ್ಟರ್ ತೆಗೆದರು, ಮಣಿಕಟ್ಟು ಮೊದಲಿನ ಹಾಗೆ ತಿರುಗುತ್ತಿರಲಿಲ್ಲ. ಮಾರ್ಚ್‌ನಲ್ಲಿ ಚಂದ್ರಣ್ಣನ ಮಗಳು ಪೂರ್ಣಿಮಾಳಿಗೆ ಗಂಡು ಗೊತ್ತಾಯಿತು. ಕಿಗ್ಗದ ಕಡೆಯವರು, ಶೃಂಗೇರಿಯಲ್ಲಿ ಅಂಗಡಿ ಇದ್ದವರು. ಮದುವೆ ಮೇ ತಿಂಗಳಿಗೆ. ಮಾತುಕತೆ ಮುಗಿದ ಮೇಲೆ ಹುಡುಗನ ಸೋದರಮಾವನ ಕಿವಿಗೆ ಯಾರೋ ಹಾಕಿದರು: ಆ ಮನೆಯ ಮೇಲೆ ಚೌಡಿ ಕಟ್ಟೆಯಲ್ಲಿ ದೂರು ಇದೆ.

ಅವರು ಬಂದು ಕೂತು ಮಾತಾಡಿದ್ದನ್ನು ಚಂದ್ರಣ್ಣನ ಮನೆಯಲ್ಲಿ ಕೆಲಸಕ್ಕಿದ್ದವರು ಗಿರಿಜಮ್ಮನಿಗೆ ಹೇಳಿದರು, ಗಿರಿಜಮ್ಮ ನನಗೆ.

"ನಿಮ್ಮ ತಮ್ಮನ ಮೇಲೆ ಕೇಸಿದೆ ಅಂತ ನಮಗೆ ಗೊತ್ತಿತ್ತು. ಕೇಸು ಯಾರ ಮನೇಲಿಲ್ಲ ಹೇಳಿ. ದೂರು ಹಾಗಲ್ಲ. ಹೆಣ್ಣಿನ ಜೊತೆ ನಮ್ಮನೆಗೆ ಬರ್ತದೆ. ಬಿಡಿಸ್ಕೊಂಡು ಬನ್ನಿ, ಆಮೇಲೆ ಲಗ್ನಪತ್ರಿಕೆ."

ಒಬ್ಬ ಹೆಂಗಸಿನ ಮೇಲೆ ಕೈ ಹಾಕಿದವನ ಮನೆ ಎಂಬುದು ಅವರಿಗೆ ಅಡ್ಡಿಯಾಗಿರಲಿಲ್ಲ. ಆ ಹೆಂಗಸು ಹೊಲಿದಿಟ್ಟ ಒಂದು ತೆಂಗಿನಕಾಯಿ ಅಡ್ಡಿಯಾಯಿತು.

ಊರಿನ ಹೆಂಗಸರು ಜಯಂತಿಯ ಅಂಗಡಿಗೆ ಮತ್ತೆ ಬರತೊಡಗಿದರು. ಈ ಸಲ ಒಳಗೆ ಬಂದು ಕೂತರು. ಹಸಿರು ಬ್ಲೌಸ್ ಪೀಸಿನವರೂ ಬಂದರು.

"ಆ ಕೂಸು ಎಂತ ತಪ್ಪು ಮಾಡಿತ್ತೇ? ಅವಳ ಮದುವೆಗೆ ಯಾಕೆ ಕಲ್ಲು ಹಾಕ್ತೀಯ?"

"ಅವಳ ಚಿಕ್ಕಪ್ಪನ್ನ ಕೇಳಿ ಅಕ್ಕ."

"ಹೆಣ್ಣಾಗಿ ನಿನ್ನ ಮನಸ್ಸು ಇಷ್ಟು ಕಲ್ಲಾಗಬಾರದು."

ಮೂಲೆಯಲ್ಲಿ ಗುಂಡಿಗೆ ಕಾಜಾ ಹಾಕುತ್ತಿದ್ದ ಗಿರಿಜಮ್ಮ ತಲೆ ಎತ್ತಲಿಲ್ಲ. "ಮೊನ್ನೆ ತನಕ ಮೆದು ಅಂತ ಬೈದ್ರಿ, ಮುಂದೆ ಕೂತ್ಕೊ ಅಂದ್ರೆ ಕೂತಳು ಅಂತ. ಈಗ ಕಲ್ಲು ಅಂತ ಬೈತೀರಿ. ಒಂದನ್ನ ತೀರ್ಮಾನ ಮಾಡ್ಕೊಂಡು ಬನ್ನಿ, ಚಹಾ ಮಾಡ್ತೀನಿ" ಎಂದರು.

ಹೀಗೆ ಡಿಸೆಂಬರ್‌ನಲ್ಲಿ ಜೀಪು ಹತ್ತಿದ್ದಕ್ಕೆ ತಪ್ಪಿತಸ್ಥೆಯಾದವಳು, ಏಪ್ರಿಲ್‌ನಲ್ಲಿ ಮದುವೆ ನಿಲ್ಲಿಸಿದ್ದಕ್ಕೆ ತಪ್ಪಿತಸ್ಥೆಯಾದಳು. ಸತೀಶನ ಹೆಸರು ಈ ಎರಡೂ ಮಾತುಕತೆಗಳಲ್ಲಿ ನಾನು ಕೇಳಿದ್ದು ತೀರಾ ಕಡಿಮೆ.

ಒಂದು ಸಂಜೆ ದೋಷಾರೋಪ ಪಟ್ಟಿ ಸಲ್ಲಿಕೆಯಾದ ಸುದ್ದಿ ತಿಳಿಸಲು ಅಂಗಡಿಗೆ ಹೋಗಿದ್ದೆ. ಪೂರ್ಣಿಮಾ ಬಂದಳು. ಕೊಪ್ಪದಲ್ಲಿ ಡಿಗ್ರಿ ಮುಗಿಸಿದ್ದ ಹುಡುಗಿ, ಮಾತು ಕಡಿಮೆ. ಕೈಯಲ್ಲಿ ರೇಷ್ಮೆ ಬ್ಲೌಸ್ ಪೀಸು ಇತ್ತು. ಕೇಳಿಕೊಳ್ಳಲು ಬಂದಿದ್ದಾಳೆ ಎಂದು ಮೂವರೂ ತಿಳಿದೆವು.

"ಅಳತೆ ತಗೊಳ್ಳಿ ಅಕ್ಕ" ಎಂದಳು.

ಜಯಂತಿ ಟೇಪು ತೆಗೆದಳು. ತೋಳಿನ ಅಳತೆ ಬರೆದುಕೊಂಡಳು.

"ನಿಮ್ಮನ್ನ ಒಪ್ಪಿಸ್ಲಿಕ್ಕೆ ಅಪ್ಪ ಕಳಿಸಿದ್ದು" ಎಂದಳು ಪೂರ್ಣಿಮಾ. "ನಾನು ಚಿಕ್ಕಪ್ಪನ ಜೀಪಲ್ಲಿ ಮುಂದೆ ಕೂರೋದು ಬಿಟ್ಟು ತುಂಬ ವರ್ಷ ಆಯ್ತು. ಹೈಸ್ಕೂಲಲ್ಲಿ ಇರುವಾಗಲೇ ಬಿಟ್ಟೆ. ಅಮ್ಮಂಗೆ ಹೇಳಿದ್ದೆ. ಹಿಂದೆ ಕೂತ್ಕೊ ಅಂದ್ರು."

ಜಯಂತಿ ಟೇಪನ್ನು ಕೆಳಗಿಟ್ಟಳು.

"ನನ್ನ ಮದುವೆ ಅಂತ ನೀವು ಅದನ್ನ ಎತ್ತಬೇಡಿ. ಅವನು ಬಾಯಿ ಬಿಡೋದಿದ್ರೆ ಬಿಡ್ಲಿ."

ಗಿರಿಜಮ್ಮ ಎದ್ದು ಚಹಾಕ್ಕೆ ನೀರಿಟ್ಟರು. ಜಯಂತಿ ಮಾರನೆಯ ದಿನ ಚಂದ್ರಣ್ಣನಿಗೆ ಹೇಳಿ ಕಳಿಸಿದಳು: "ಸತೀಶಣ್ಣ ಬಂದು ಎಲ್ಲರೆದುರು ಹೇಳ್ಲಿ. ಆಮೇಲೆ ನೋಡಾಣ." ಚಂದ್ರಣ್ಣನಿಗೆ ಕೇಳಿಸಿದ್ದು ಒಪ್ಪಿಗೆ.

ಸತೀಶನ ಪರವಾಗಿದ್ದ ಕೊಪ್ಪದ ವಕೀಲರು ಹಾಗೆ ಒಪ್ಪಿಕೊಳ್ಳುವುದು ಬೇಡವೆಂದರಂತೆ. ಚಂದ್ರಣ್ಣ ನಕ್ಕು, "ಚೌಡಿ ಕಟ್ಟೇಲಿ ಹೇಳಿದ್ದು ಕೋರ್ಟಿಗೆ ಹೋಗಲ್ಲ ಸ್ವಾಮಿ. ನಮ್ಮೂರಲ್ಲಿ ಇಲ್ಲಿಯ ತನಕ ಹೋಗಿಲ್ಲ" ಎಂದನಂತೆ. ಅದು ನಿಜ. ಅಲ್ಲಿ ಆಡಿದ ಮಾತು ಅಲ್ಲೇ ಮುಗಿಯುತ್ತದೆ ಎಂದು ಆ ಊರಿನ ಎಲ್ಲರೂ ನಂಬಿದ್ದರು. ಜಯಂತಿ ನನಗೆ ಫೋನ್ ಮಾಡಿದಳು. "ಬನ್ನಿ ಸಾರ್. ಫೋಟೋ ಗೀಟೋ ಬೇಡ. ಎರಡು ಕಿವಿ ತಂದ್ರೆ ಸಾಕು."

ಆ ವರ್ಷ ಹೂಮಳೆ ತಡವಾಗಿ ಬಂದಿತ್ತು. ಕಟ್ಟೆಗೆ ಹೋಗುವ ದಾರಿಯ ಎರಡೂ ಬದಿ ಕಾಫಿ ಗಿಡಗಳು ಬೆಳ್ಳಗೆ ಹೂ ಬಿಟ್ಟಿದ್ದವು. ಚಹಾ ಅಂಗಡಿಯವರು, ಮೇಷ್ಟ್ರು, ಬ್ಲೌಸ್ ಪೀಸು ವಾಪಸು ಪಡೆದವರು, ಕಿಗ್ಗದಿಂದ ಹುಡುಗನ ಸೋದರಮಾವ, ಅಪ್ಪನ ಜೊತೆ ಪೂರ್ಣಿಮಾ, ಎಲ್ಲರೂ ಬಂದಿದ್ದರು. ಸತೀಶ ಬಿಳಿ ಪಂಚೆ ಉಟ್ಟು ಬಂದ. ಕಟ್ಟೆಯ ಎದುರು ನಿಂತು ನೆಲ ನೋಡುತ್ತ ಏನೋ ಗೊಣಗಿದ.

"ಕೇಳ್ಲಿಲ್ಲ" ಎಂದಳು ಜಯಂತಿ. "ಹಿಂದೆ ನಿಂತವರಿಗೂ ಕೇಳ್ಬೇಕು."

ಅವನು ಅಣ್ಣನ ಮುಖ ನೋಡಿದ. ಚಂದ್ರಣ್ಣ ತಲೆಯಾಡಿಸಿದ.

"ಜೀಪನ್ನ ತೋಟದ ದಾರಿಗೆ ನಾನೇ ತಿರುಗಿಸಿದ್ದು. ಅವಳು ಬೇಡ ಅಂದ್ಲು. ನಾನು ಕೈ ಹಾಕಿದೆ. ಅವಳು ತಪ್ಪಿಸ್ಕೊಳ್ಳೋಕೆ ಹಾರಿದ್ಲು."

"ಮುಂದಿನ ಸೀಟಲ್ಲಿ ಯಾರು ಕೂರ್ಸಿದ್ದು? ಇಲ್ಲಿ ಎಲ್ಲರಿಗೂ ಅದೇ ಸಂಶಯ."

"ನಾನೇ."

"ಗಟ್ಟಿ."

"ನಾನೇ ಕೂರ್ಸಿದ್ದು."

ಜಯಂತಿ ತಿರುಗಿ ಸೇರಿದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆತುರವಿಲ್ಲದೆ ನೋಡಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು, ಬಹಳ ಹೊತ್ತು ಒರೆಸಿದರು. ನನಗೆ ಅಂದು ಖುಷಿಯಾಯಿತು. ಸುದ್ದಿಮನೆಯಲ್ಲಿ ಇಷ್ಟು ವರ್ಷ ಕಲಿತ ಯಾವ ಶಿಸ್ತೂ ಆ ಖುಷಿಯನ್ನು ಕಡಿಮೆ ಮಾಡಲಿಲ್ಲ.

ಪೂಜಾರಿ ಕೆಂಪು ಬಟ್ಟೆಯ ಕಾಯನ್ನು ತಂದು ಅವಳ ಮುಂದೆ ಹಿಡಿದರು. "ಬಿಚ್ಚಮ್ಮ."

"ಕತ್ತರಿ ತಂದಿಲ್ಲ."

ಯಾರೋ ಕತ್ತಿ ಚಾಚಿದರು.

"ಹೊಲಿಗೆಯನ್ನ ಕತ್ತೀಲಿ ಬಿಚ್ಚಲ್ಲ ನಾನು."

"ಇದೆಂತ ಹಟ?" ಚಂದ್ರಣ್ಣನ ಧ್ವನಿ ಏರಿತು. "ಅವನು ಹೇಳಿದ ಮೇಲೆ ಎತ್ತುತ್ತೀನಿ ಅಂದಿದ್ದೆ."

"ನೋಡಾಣ ಅಂದಿದ್ದೆ. ನೋಡಿದೆ" ಎಂದಳು. "ನೀವೇ ಕರೆದಿದ್ದು ಚಂದ್ರಣ್ಣ. ಸತ್ಯ ಇದ್ರೆ ಬರ್ಲಿ ಅಂದ್ರಿ."

ಅವಳು ಕಾಯನ್ನು ಪೂಜಾರಿಯ ಕೈಯಿಂದ ತೆಗೆದುಕೊಂಡು ಕಟ್ಟೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟು, ದೊಡ್ಡಮ್ಮನ ಜೊತೆ ನಡೆದುಕೊಂಡು ಮನೆಗೆ ಹೋದಳು. ಕಿಗ್ಗದ ಸೋದರಮಾವ ಊಟಕ್ಕೆ ನಿಲ್ಲಲಿಲ್ಲ. ಮದುವೆ ನಿಂತಿತು.

ಮಾರನೆಯ ದಿನ ಸತೀಶನ ಮಾತುಗಳನ್ನು ಅವನು ಹೇಳಿದ ಕ್ರಮದಲ್ಲೇ ಬರೆದು ಕಚೇರಿಗೆ ಕಳಿಸಿದೆ. ಈ ಸಲ ತಲೆಬರಹವನ್ನು ನಾನೇ ಕೊಟ್ಟು, ಬದಲಿಸುವುದಿದ್ದರೆ ವರದಿಯನ್ನೇ ಬಿಟ್ಟುಬಿಡಿ ಎಂದೆ. ಬದಲಿಸಲಿಲ್ಲ. ಪೊಲೀಸರು ಆ ದಿನ ಕಟ್ಟೆಯಲ್ಲಿ ಇದ್ದವರ ಹೇಳಿಕೆ ಪಡೆದು ಹೆಚ್ಚುವರಿ ವರದಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಿದರು. ಕಟ್ಟೆಯ ಮಾತು ಕೋರ್ಟಿಗೆ ಹೋಯಿತು.

ಜಯಂತಿಯ ಸಾಕ್ಷಿ ವಿಚಾರಣೆ ಕಳೆದ ತಿಂಗಳು ಮುಗಿದಿದೆ. ಮೊನ್ನೆ ಮಂಗಳವಾರ ನಮ್ಮ ಸರದಿ. ಸಾಕ್ಷಿಗಳಾದ ನಾವು ಕರೆಯುವವರೆಗೆ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಪೂಜಾರಿ ತಮಗೆ ಕಿವಿ ಮಂದ, ಅಂದು ಏನೂ ಕೇಳಿಸಲಿಲ್ಲ ಎಂದರಂತೆ. ಚಹಾ ಅಂಗಡಿಯವರು ತಾವು ಅಲ್ಲಿಗೆ ಹೋಗಿಯೇ ಇರಲಿಲ್ಲ ಎಂದರಂತೆ. ಮೇಷ್ಟ್ರಿಗೆ ಸಮನ್ಸ್ ತಲುಪಿದೆ, ಬಂದಿರಲಿಲ್ಲ. ನಾನು ಕೇಳಿದ್ದನ್ನು ಹೇಳಿದೆ.

ಮಧ್ಯಾಹ್ನದ ನಂತರ ಪೂರ್ಣಿಮಾಳನ್ನು ಕರೆದರು. ಈಗ ಅವಳು ನರಸಿಂಹರಾಜಪುರದಲ್ಲಿ ಕೆಲಸದಲ್ಲಿದ್ದಾಳೆ. ಮನೆಯವರು ಅವಳ ಜೊತೆ ಮಾತಾಡುವುದಿಲ್ಲ. ಕಟ್ಟೆಯಲ್ಲಿ ಚಿಕ್ಕಪ್ಪ ಹೇಳಿದ್ದನ್ನು ಅವಳು ಪೂರ್ತಿ ಹೇಳಿದಳು. ಅವಳ ಪಾಟೀಸವಾಲಿಗೆ ಆರೋಪಿ ಪರ ವಕೀಲರು ಸಮಯ ಕೇಳಿದ್ದಾರೆ.